ಬಿಳಿಗೆರೆಗೆ ಕಂದುಗೆರೆಯೇ ಜೋಡಿ



ಹಕ್ಕಿಗಳು ಸಂಗಾತಿಯನ್ನು ಹೇಗೆ ಆರಿಸಿಕೊಳ್ಳುತ್ತವೆ ಎಂದು ಕೇಳಿದರೆ ನಿಮಗೆ ಮೊದಲು ನೆನಪಾಗುವುದು ನವಿಲು. ಗರಿಗೆದರಿ ಕುಣಿಯುವ ಗಂಡುಗಳಲ್ಲಿ ತನಗೆ ಮೆಚ್ಚಿಗೆಯಾದುದನ್ನು ಹೆಣ್ಣು ಆರಿಸುತ್ತದೆ. ಇಂಥ ಆಯ್ಕೆಗೆ ಚಾರ್ಲ್ಸ್ ಡಾರ್ವಿನ್ 'ಲೈಂಗಿಕ ಆಯ್ಕೆ' ಎಂಬ ಹೆಸರು ಕೊಟ್ಟು, 1871ರಲ್ಲಿ ವಿಸ್ತಾರವಾಗಿ ವಿವರಿಸಿದರು. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಎಲ್ಲ ಹೆಣ್ಣುಗಳೂ ಒಂದೇ ಬಗೆಯ ಗಂಡನ್ನು ಮೆಚ್ಚಿದರೆ, ಉಳಿದ ಬಗೆಯವು ಕ್ರಮೇಣ ಅಳಿದುಹೋಗಬೇಕಲ್ಲವೆ? ಹಾಗೆ ಅಳಿಯದೆ, ಎರಡು ಬಗೆಗಳು ಹೆಚ್ಚುಕಡಿಮೆ ಸಮಪಾಲಿನಲ್ಲಿ ಬಾಳುತ್ತಿರುವ ಒಂದು ಹಾಡುಹಕ್ಕಿ ಉತ್ತರ ಅಮೆರಿಕದ ಕಾಡುಗಳಲ್ಲಿದೆ. ಸಂಗಾತಿಯ ಆಯ್ಕೆಗೂ ವಂಶವಾಹಿಗಳಿಗೂ ಇರುವ ನಂಟನ್ನು ಇದರಷ್ಟು ಸ್ಪಷ್ಟವಾಗಿ ತೋರಿಸುವ ಹಕ್ಕಿಗಳು ಅಪರೂಪ.

ಒಂದೇ ಹಕ್ಕಿ, ಎರಡು ರೂಪ

ಇದರ ಹೆಸರು ಬಿಳಿಗಂಟಲ ಸ್ಪ್ಯಾರೋ. ಸ್ಪ್ಯಾರೋ ಎಂದ ಕೂಡಲೇ ನಮ್ಮ ಮನೆಯ ಗುಬ್ಬಚ್ಚಿ ಎಂದುಕೊಳ್ಳಬೇಡಿ. ಗಾತ್ರದಲ್ಲಿ ಗುಬ್ಬಚ್ಚಿಯನ್ನು ಹೋಲುತ್ತದೆಯಾದರೂ ಇದು ಬೇರೆಯೇ ಕುಟುಂಬಕ್ಕೆ ಸೇರಿದ್ದು. ಬೇಸಿಗೆಯಲ್ಲಿ ಕೆನಡಾ ಮತ್ತು ಅಮೆರಿಕದ ಈಶಾನ್ಯ ಭಾಗದ ಕಾಡುಗಳಲ್ಲಿ, ನೆಲದ ಮೇಲೆ ಅಥವಾ ನೆಲಕ್ಕೆ ಸಮೀಪದಲ್ಲಿ ಗೂಡು ಕಟ್ಟುತ್ತದೆ. ಗಂಟಲಿನಲ್ಲಿ ಬಿಳಿಯ ಮಚ್ಚೆ, ಕಣ್ಣಿನ ಮುಂದೆ ಹಳದಿ ಚುಕ್ಕೆ. ಇದರ ಹಾಡು ಸಿಳ್ಳೆಯಂತೆ ಸ್ವಚ್ಛ.

ಈ ಹಕ್ಕಿಯ ತಲೆಯ ಮೇಲೆ ಪಟ್ಟೆಗಳಿವೆ. ಕೆಲವಕ್ಕೆ ಅಚ್ಚ ಬಿಳಿ ಪಟ್ಟೆ, ಕೆಲವಕ್ಕೆ ಮಾಸಲು ಕಂದು ಪಟ್ಟೆ. ಮಂಕಾದವು ಮರಿಗಳೋ ಹೆಣ್ಣುಗಳೋ ಇರಬೇಕು ಎಂಬ ಊಹೆ ಹಿಂದೆ ಇತ್ತು. ಇವು ವಯಸ್ಸಿನ ಅಥವಾ ಲಿಂಗದ ಗುರುತುಗಳಲ್ಲ, ಎರಡು ಸ್ಥಿರ ರೂಪಗಳು ಎಂದು 1961ರಲ್ಲಿ ಕೆನಡಾದ ಜೆ. ಕೆ. ಲೌದರ್ ತೋರಿಸಿದರು. ಅಂದರೆ ಗಂಡುಗಳಲ್ಲೂ ಬಿಳಿಗೆರೆ, ಕಂದುಗೆರೆ ಎರಡೂ ಇವೆ, ಹೆಣ್ಣುಗಳಲ್ಲೂ ಇವೆ.

ರೂಪದ ಜೊತೆಗೆ ಸ್ವಭಾವವೂ ಬೇರೆ. ಬಿಳಿಗೆರೆಯವು ಜಗಳಗಂಟಿಗಳು, ಹೆಚ್ಚು ಹಾಡುತ್ತವೆ, ತಮ್ಮ ಎಲ್ಲೆಯೊಳಗೆ ಬಂದವರ ಮೇಲೆ ಎರಗುತ್ತವೆ. ಬಿಳಿಗೆರೆಯ ಗಂಡು ತನ್ನ ಜೋಡಿಯನ್ನು ಬಿಟ್ಟು ನೆರೆಯ ಹೆಣ್ಣುಗಳನ್ನು ಅರಸುವುದೂ ಉಂಟು. ಕಂದುಗೆರೆಯ ಗಂಡು ಹಾಗಲ್ಲ. ಅದು ಸಂಗಾತಿಯ ಬಳಿಯೇ ಇದ್ದು ಕಾಯುತ್ತದೆ, ಮರಿಗಳಿಗೆ ಹೆಚ್ಚು ಗುಟುಕು ತಂದುಕೊಡುತ್ತದೆ.

ಯಾರಿಗೆ ಯಾರು?

ಎಲೈನಾ ಟಟಲ್ ಎಂಬ ಜೀವವಿಜ್ಞಾನಿ 1988ರಲ್ಲಿ ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಬೆಟ್ಟಗಳ ಕ್ರ್ಯಾನ್‌ಬೆರಿ ಸರೋವರದ ಬಳಿ ಈ ಹಕ್ಕಿಗಳ ಅಧ್ಯಯನ ಆರಂಭಿಸಿದರು. ಮುಂದೆ ಅವರ ಪತಿ ರಸ್ಟಿ ಗಾನ್ಸರ್ ಕೂಡ ಜೊತೆಗೂಡಿದರು. ವರ್ಷ ವರ್ಷವೂ ಹಕ್ಕಿಗಳನ್ನು ಹಿಡಿದು, ಕಾಲಿಗೆ ಬಣ್ಣದ ಬಳೆ ತೊಡಿಸಿ, ಒಂದು ತೊಟ್ಟು ರಕ್ತ ತೆಗೆದು ಬಿಡುವುದು. ಯಾವುದು ಯಾವುದರೊಂದಿಗೆ ಗೂಡು ಕಟ್ಟಿತೆಂದು ಬರೆದಿಡುವುದು — ಇದೇ ಕೆಲಸ. ಹೀಗೆ ಸಾವಿರಕ್ಕೂ ಹೆಚ್ಚು ಜೋಡಿಗಳ ಲೆಕ್ಕ ಸೇರಿತು. ಅವುಗಳಲ್ಲಿ ಶೇಕಡ 98ಕ್ಕೂ ಹೆಚ್ಚು ಜೋಡಿಗಳಲ್ಲಿ ಒಂದು ಬಿಳಿಗೆರೆ, ಇನ್ನೊಂದು ಕಂದುಗೆರೆ!

ಇದು 'ನನಗಿಂತ ಭಿನ್ನವಾದುದೇ ನನಗಿಷ್ಟ' ಎಂಬ ಸರಳ ನಿಯಮವೆಂದು ನಿಮಗೆ ತೋರಬಹುದು. ಆದರೆ 1994ರಲ್ಲಿ ಪ್ರಕಟವಾದ ಒಂದು ಪ್ರಯೋಗ ಬೇರೆ ಮಾತು ಹೇಳಿತು. ಎರಡೂ ಬಗೆಯ ಹೆಣ್ಣುಗಳು ಒಲಿದದ್ದು ಕಂದುಗೆರೆಯ ಗಂಡುಗಳಿಗೇ. ಆದರೆ ಗಟ್ಟಿಗಿತ್ತಿಯರಾದ ಬಿಳಿಗೆರೆಯ ಹೆಣ್ಣುಗಳು ಸ್ಪರ್ಧೆಯಲ್ಲಿ ಗೆದ್ದು ಅವನ್ನು ತಮ್ಮದಾಗಿಸಿಕೊಳ್ಳುತ್ತವೆ. ಕಂದುಗೆರೆಯ ಹೆಣ್ಣುಗಳಿಗೆ ಉಳಿಯುವುದು ಬಿಳಿಗೆರೆಯ ಗಂಡುಗಳು. ನೋಡಿ, ಹೊರಗಿನಿಂದ ಆಯ್ಕೆಯಂತೆ ಕಾಣುವುದರಲ್ಲಿ ಮೆಚ್ಚುಗೆ ಎಷ್ಟಿದೆಯೋ ಪೈಪೋಟಿಯೂ ಅಷ್ಟೇ ಇದೆ.

ತಿರುಗಿ ಪೋಣಿಸಿದ ಸರ

ಬಣ್ಣ ಮತ್ತು ಸ್ವಭಾವ ಯಾವಾಗಲೂ ಒಟ್ಟಿಗೇ ಬರುವುದೇಕೆ? ಉತ್ತರದ ಮೊದಲ ಸುಳಿವು 1966ರಲ್ಲಿ ಎಚ್. ಬಿ. ಥಾರ್ನಿಕ್ರಾಫ್ಟ್ ಅವರ ಸೂಕ್ಷ್ಮದರ್ಶಕದಲ್ಲಿ ಸಿಕ್ಕಿತು. ಕಂದುಗೆರೆಯ ಹಕ್ಕಿಯಲ್ಲಿ ಎರಡನೆಯ ವರ್ಣತಂತುವಿನ ಜೋಡಿ ಒಂದೇ ತರಹ ಇರುತ್ತದೆ. ಬಿಳಿಗೆರೆಯದರಲ್ಲಿ ಒಂದು ಸಾಮಾನ್ಯ, ಇನ್ನೊಂದು ಭಿನ್ನ. ಮಣಿಸರದ ನಡುಭಾಗವನ್ನು ಕತ್ತರಿಸಿ, ಹಿಂದುಮುಂದಾಗಿ ತಿರುಗಿಸಿ, ಮತ್ತೆ ಪೋಣಿಸಿದರೆ ಹೇಗಿರುತ್ತದೋ ಹಾಗೆ ಈ ವರ್ಣತಂತುವಿನ ದೊಡ್ಡದೊಂದು ಭಾಗ ತಿರುಗಿಕೊಂಡಿದೆ. ಆ ಭಾಗದಲ್ಲಿ ಸುಮಾರು ಒಂದು ಸಾವಿರ ಜೀನುಗಳಿವೆ.

ಅಂಡ, ವೀರ್ಯಾಣುಗಳು ರೂಪುಗೊಳ್ಳುವಾಗ ಜೋಡಿ ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆಂದು ನೀವು ಓದಿದ್ದೀರಿ. ತಿರುಗಿದ ಭಾಗಕ್ಕೂ ತಿರುಗದ ಭಾಗಕ್ಕೂ ಈ ವಿನಿಮಯ ನಡೆಯುವುದು ತೀರ ವಿರಳ. ಆದ್ದರಿಂದ ಅಲ್ಲಿನ ಜೀನುಗಳೆಲ್ಲ ಒಂದೇ ಗಂಟಾಗಿ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತವೆ. ಇಂಥ ಗಂಟಿಗೆ 'ಸೂಪರ್‌ಜೀನ್' ಎಂದು ಹೆಸರು. ಗರಿಯ ಬಣ್ಣವೂ ಜಗಳದ ಗುಣವೂ ಬೇರೆಯಾಗದಿರಲು ಇದೇ ಕಾರಣ.

ಈ ಗಂಟಿನ ಒಂದು ಎಳೆಯನ್ನು ಎಮೊರಿ ವಿಶ್ವವಿದ್ಯಾಲಯದ ಡೊನ್ನಾ ಮೇನಿ ಅವರ ತಂಡ ಬಿಡಿಸಿದೆ. ಈಸ್ಟ್ರೊಜೆನ್ ಹಾರ್ಮೋನಿನ ಸಂದೇಶವನ್ನು ಗ್ರಹಿಸುವ ಒಂದು ಜೀನು ಈ ಭಾಗದಲ್ಲಿದೆ. ಬಿಳಿಗೆರೆ ಹಕ್ಕಿಯ ಮಿದುಳಿನ ಒಂದು ಪುಟ್ಟ ಜಾಗದಲ್ಲಿ ಆ ಜೀನಿನ ಕೆಲಸವನ್ನು ತಗ್ಗಿಸಿದಾಗ, ಅದರ ಆಕ್ರಮಣಶೀಲತೆ ಕಂದುಗೆರೆ ಹಕ್ಕಿಯ ಮಟ್ಟಕ್ಕೆ ಇಳಿಯಿತು. ಈ ಫಲಿತಾಂಶ 2020ರಲ್ಲಿ ಪ್ರಕಟವಾಯಿತು.

ಮೆಂಡಲ್ ಲೆಕ್ಕ

ಈಗ ಕಾಗದ, ಪೆನ್ಸಿಲು ತೆಗೆದುಕೊಳ್ಳಿ. ಸಾಮಾನ್ಯ ವರ್ಣತಂತುವನ್ನು 'ಸ' ಎಂದೂ ತಿರುಗಿದ್ದನ್ನು 'ತಿ' ಎಂದೂ ಕರೆಯೋಣ. ಕಂದುಗೆರೆ 'ಸಸ', ಬಿಳಿಗೆರೆ 'ಸತಿ'. ಇವೆರಡೂ ಜೋಡಿಯಾದರೆ ಮರಿಗಳಲ್ಲಿ ಸರಾಸರಿ ಅರ್ಧ 'ಸಸ', ಅರ್ಧ 'ಸತಿ'. ಆದ್ದರಿಂದಲೇ ಪ್ರತಿ ತಲೆಮಾರಿನಲ್ಲೂ ಎರಡು ಬಗೆಗಳು ಸಮಪಾಲಿನಲ್ಲಿ ಹುಟ್ಟುತ್ತವೆ. ಒಂದು ವೇಳೆ ಬಿಳಿಗೆರೆಯವು ಹೆಚ್ಚಾದವೆನ್ನಿ. ಆಗ ಕಂದುಗೆರೆಯ ಸಂಗಾತಿಗಳಿಗೆ ಅಭಾವ. ಬಿಳಿಗೆರೆಯ ಕೆಲವು ಒಂಟಿಯಾಗಿ ಉಳಿಯುತ್ತವೆ. ಕಡಿಮೆಯಿರುವ ಕಂದುಗೆರೆಯವಕ್ಕೆ ಮಾತ್ರ ಜೋಡಿ ಸುಲಭ. ತಕ್ಕಡಿ ತಾನಾಗಿಯೇ ಸಮಕ್ಕೆ ಬರುತ್ತದೆ. ನಾವು ಮೊದಲು ಕೇಳಿದ ಪ್ರಶ್ನೆಗೆ ಇದೇ ಉತ್ತರ.

ಗಂಡು ಹೆಣ್ಣುಗಳ ಸಂಖ್ಯೆಯೂ ಹೀಗೆಯೇ ಸಮವಾಗಿರುತ್ತದೆ ಎಂಬುದು ನಿಮಗೆ ಹೊಳೆದಿರಬೇಕು. ಗಂಡು ಅಥವಾ ಹೆಣ್ಣು, ಬಿಳಿಗೆರೆ ಅಥವಾ ಕಂದುಗೆರೆ: ಹೀಗೆ ಎರಡು ಭೇದಗಳು ಒಟ್ಟಿಗಿರುವುದರಿಂದ ಇದನ್ನು 'ನಾಲ್ಕು ಲಿಂಗಗಳ ಹಕ್ಕಿ' ಎಂದು ಕರೆದವರಿದ್ದಾರೆ.

ತೆರಬೇಕಾದ ಬೆಲೆ

ಆದರೆ ಈ ಏರ್ಪಾಡು ಪುಕ್ಕಟೆಯಲ್ಲ. ಬೇರೆ ಹಾಡುಹಕ್ಕಿಗಳಿಗೆ ತಮ್ಮ ಬಳಗದ ಅರ್ಧದಷ್ಟು ಹಕ್ಕಿಗಳಲ್ಲಿ ಸಂಗಾತಿಯನ್ನು ಹುಡುಕುವ ಅವಕಾಶವಿದ್ದರೆ, ಇದಕ್ಕೆ ಕಾಲು ಭಾಗದಲ್ಲಿ ಮಾತ್ರ. ಕಾಡು ಕಿರಿದಾಗಿ ಹಕ್ಕಿಗಳು ವಿರಳವಾದ ಕಡೆ ಇದು ಸಣ್ಣ ಮಾತಲ್ಲ.

ಎರಡನೆಯ ಬೆಲೆ ಇನ್ನೂ ನಿಗೂಢ. ಬಿಳಿಗೆರೆಗಳು ತಮ್ಮತಮ್ಮಲ್ಲಿ ಜೋಡಿಯಾಗುವುದು ಅಪರೂಪವಾದ್ದರಿಂದ 'ತಿತಿ' ಹಕ್ಕಿಗಳು ಹುಟ್ಟುವುದೂ ಅಪರೂಪ. ಎಂದರೆ 'ತಿ' ವರ್ಣತಂತುವಿಗೆ ತನ್ನಂಥದೇ ಇನ್ನೊಂದರ ಜೊತೆ ತುಂಡು ವಿನಿಮಯ ಮಾಡಿಕೊಳ್ಳುವ ಅವಕಾಶವೇ ಇಲ್ಲವೆನ್ನಬಹುದು. ವಿನಿಮಯವಿಲ್ಲದಲ್ಲಿ ಕೆಟ್ಟ ಬದಲಾವಣೆಗಳು ತೊಳೆದುಹೋಗದೆ ಉಳಿಯುತ್ತವೆ. ಮನುಷ್ಯನ ವೈ ವರ್ಣತಂತು ಸವೆದು ಚಿಕ್ಕದಾದದ್ದು ಹೀಗೆಯೇ. 'ತಿ'ಯಲ್ಲೂ ಅಂಥ ಸವೆತದ ಗುರುತುಗಳು ಕಂಡುಬಂದಿವೆ ಎಂದು ಟಟಲ್ ಮತ್ತು ಸಂಗಡಿಗರು 2016ರ ಪ್ರಬಂಧದಲ್ಲಿ ವರದಿ ಮಾಡಿದರು. ಅದೇ ವರ್ಷ ಜೂನ್ ತಿಂಗಳಲ್ಲಿ, ಪ್ರಬಂಧ ಹೊರಬಂದ ಕೆಲವೇ ತಿಂಗಳಿಗೆ, ಟಟಲ್ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಅವರಿಗೆ 52 ವರ್ಷ. ಹಕ್ಕಿಯ ತಲೆಯ ಒಂದು ಗೆರೆಯನ್ನು ಅರ್ಥಮಾಡಿಕೊಳ್ಳಲು ಅವರ ಬದುಕಿನ ಅರ್ಧಕ್ಕೂ ಹೆಚ್ಚು ಭಾಗ ಹಿಡಿದಿತ್ತು.

ನೆನಪಿಡಬೇಕಾದ್ದು

ಜೀನು ಸ್ವಭಾವವನ್ನು ರೂಪಿಸಿತು. ಸ್ವಭಾವ ಜೋಡಿಯನ್ನು ನಿರ್ಧರಿಸಿತು. ಆ ಜೋಡಿಯೇ ಮತ್ತೆ ಜೀನನ್ನು ಉಳಿಸಿತು. ಇದೊಂದು ಚಕ್ರ. ಇದರಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂದು ಒಂದೆಡೆ ಗೆರೆ ಎಳೆಯಲಾಗದು. ಹಾಗೆಂದು ಒಂದು ಹಕ್ಕಿಯ ನಿಯಮವನ್ನು ಇನ್ನೊಂದು ಹಕ್ಕಿಗೆ, ಅದಕ್ಕಿಂತ ಮಿಗಿಲಾಗಿ ಮನುಷ್ಯರ ಮದುವೆಗೆ, ಅನ್ವಯಿಸುವ ಅವಸರ ಬೇಡ. ಪ್ರತಿಯೊಂದು ಜೀವಿಯನ್ನೂ ಅದರ ನೆಲೆಯಲ್ಲೇ ನೋಡಬೇಕು.

ಕೊನೆಯಲ್ಲಿ ನಿಮಗೊಂದು ಲೆಕ್ಕ. ಎರಡು ಬಿಳಿಗೆರೆ ಹಕ್ಕಿಗಳು ಜೋಡಿಯಾದರೆ ಮರಿಗಳಲ್ಲಿ ಎಷ್ಟು ಭಾಗ 'ತಿತಿ' ಆಗಬೇಕು? ಎರಡು ಕಂದುಗೆರೆ ಜೋಡಿಯಾದರೆ ಒಂದಾದರೂ ಬಿಳಿಗೆರೆಯ ಮರಿ ಹುಟ್ಟೀತೆ? ಚೌಕ ಬರೆದು ನೀವೇ ಉತ್ತರ ಕಂಡುಕೊಳ್ಳಿ.