ಕೆಲ್ಲರಿನ ಸೂಟ್‌ಕೇಸಿನಲ್ಲಿ ಅಮ್ಮನ ಸೀರೆ

ಸ್ಟುಟ್‌ಗಾರ್ಟಿನಲ್ಲಿ ಹತ್ತಾರು ವರ್ಷ ಸಂಸಾರ ಹೂಡಿದ ಯಾವ ಕನ್ನಡದ ಮನೆಗೆ ಹೋದರೂ ಕೆಲ್ಲರಿನಲ್ಲಿ ಒಂದು ಹಳೆಯ ಸೂಟ್‌ಕೇಸು ಇದ್ದೇ ಇರುತ್ತದೆ. ಮಕ್ಕಳ ಜಾರುಬಂಡಿ, ಸ್ಕೀ ಬೂಟು, ಊರಿನಿಂದ ಹೊತ್ತು ತಂದು ಒಂದು ದಿನವೂ ಬಳಸದ ಶ್ಯಾವಿಗೆ ಒರಳು, ಇವೆಲ್ಲದರ ಹಿಂದೆ ಅದು ಗೋಡೆಗೆ ಒರಗಿ ಕೂತಿರುತ್ತದೆ. ಒಳಗೇನಿದೆ ಎಂದು ಕೇಳಿದರೆ "ಏನಿಲ್ಲ ಬಿಡಿ, ಹಳೇ ಬಟ್ಟೆ" ಎಂಬ ಉತ್ತರ. ಹಾಗಾದರೆ ತೆಗೆದುಹಾಕಬಾರದೇ ಎಂದರೆ ಮಾತು ತಟ್ಟನೆ ಕಾಫಿಯ ಕಡೆಗೆ ತಿರುಗುತ್ತದೆ.

ಅದರೊಳಗೆ ಇರುವುದು ಏನೆಂದು ನಮಗೆಲ್ಲ ಗೊತ್ತು. ತೀರಿಹೋದ ಅಮ್ಮನ ಎರಡು ಸೀರೆ. ಧಾರೆ ಸೀರೆ. ಅಪ್ಪನ ಪಂಚೆ, ಶಲ್ಯ. ಮಗುವಿನ ಮೊದಲ ಸ್ವೆಟರು. 1951ರಲ್ಲಿ ಹುಟ್ಟಿದ ಬೆಂಗಳೂರಿನ ಮೈಕೋ ಕಂಪನಿಯ ನಂಟಿನಿಂದ ಈ ಊರಿಗೆ ಬಂದ ಹಿರಿಯರ ಮನೆಯಾದರೆ, ಮೊದಲ ಚಳಿಗಾಲಕ್ಕೆಂದು ಅಲ್ಲೇ ಹೊಲಿಸಿ ತಂದು ಇಲ್ಲಿಯ ಚಳಿಗೆ ಯಾತಕ್ಕೂ ಸಾಲದೇ ಹೋದ ಒಂದು ಕೋಟು. ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿತು. ಕೋಟು ಮಾತ್ರ ಹಾಗೇ ಇದೆ.

ಇದು ನಮ್ಮ ಜಿಪುಣತನವೂ ಅಲ್ಲ, ಸೋಮಾರಿತನವೂ ಅಲ್ಲ ಎಂದು ನನ್ನ ಅಭಿಪ್ರಾಯ. ಊರಿನಲ್ಲಿ ಬಟ್ಟೆಗೆ ಒಂದು ದಾರಿ ಇತ್ತು. ಉಟ್ಟು ಮೆತ್ತಗಾದ ಹತ್ತಿ ಸೀರೆ ಮೊದಲು ಬಾಣಂತಿಯ ಕೋಣೆಗೆ ಹೋಗುತ್ತಿತ್ತು. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ತೊಡಿಸದೆ, ಮನೆಯ ಹಿರಿಯರ ಹಳೆಯ ಬಟ್ಟೆಯಲ್ಲೇ ಸುತ್ತುವ ವಾಡಿಕೆ ಎಷ್ಟು ಮನೆಗಳಲ್ಲಿರಲಿಲ್ಲ! ಅದೇ ಸೀರೆ ಜೋಲಿಯಾಯಿತು, ಆಮೇಲೆ ಕೌದಿಯ ಒಳಪದರವಾಯಿತು, ಒಲೆಯ ಪಾತ್ರೆ ಇಳಿಸುವ ಮಸಿಬಟ್ಟೆಯಾಯಿತು, ಕೊನೆಗೆ ನೆಲ ಒರೆಸಿತು. ಪ್ಯಾಂಟು, ಷರ್ಟುಗಳನ್ನು ಸ್ಟೀಲ್ ಪಾತ್ರೆಯವಳು ಬಂದು ಒಯ್ಯುತ್ತಿದ್ದಳು. ಒಂದು ಡಬರಿಗೆ ಎಷ್ಟು ಪ್ಯಾಂಟು ಎಂಬ ಚೌಕಾಸಿ ಅರ್ಧ ಮಧ್ಯಾಹ್ನ ನಡೆಯುತ್ತಿತ್ತು. ಜರಿ ಸೀರೆ ಹರಿದರೆ ಜರಿ ಕೊಳ್ಳುವವನು ಬಾಗಿಲಿಗೇ ಬರುತ್ತಿದ್ದ. ಬಟ್ಟೆಯನ್ನು "ಬಿಸಾಡುವ" ಪ್ರಸಂಗವೇ ಬರುತ್ತಿರಲಿಲ್ಲ. ಅದು ಕೈಯಿಂದ ಕೈಗೆ ಸವೆಯುತ್ತ ಹೋಗುತ್ತಿತ್ತು, ಅಷ್ಟೆ. ಹಾಗಾಗಿ ಯಾರಿಗೂ ಕರುಳು ಹಿಂಡಿದಂತಾಗುತ್ತಿರಲಿಲ್ಲ.

ಇಲ್ಲಿ ಆ ಕೈಗಳಿಲ್ಲ. ಬೀದಿ ಮೂಲೆಯಲ್ಲಿ ಹಳೆ ಬಟ್ಟೆಯ ಕಬ್ಬಿಣದ ಡಬ್ಬಿ ಇದೆ. ಹಿಡಿ ಎಳೆದು, ಚೀಲ ಇಟ್ಟು, ದೂಡಿದರೆ ದಡಾರನೆ ಒಳಗೆ ಬೀಳುತ್ತದೆ. ಅಮ್ಮನ ಸೀರೆಯನ್ನು ಆ ಸದ್ದಿಗೆ ಒಪ್ಪಿಸುವುದು ಹೇಗೆ? ಜರ್ಮನಿಯಲ್ಲಿ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮೀರಿ ಹಳೆ ಬಟ್ಟೆ ಹೀಗೆ ಸಂಗ್ರಹವಾಗುತ್ತ ಬಂದಿದೆ. ಅದರಲ್ಲಿ ಬಹುಪಾಲನ್ನು ವಿಂಗಡಿಸಿ ಪೂರ್ವ ಯುರೋಪಿಗೆ, ಆಫ್ರಿಕಕ್ಕೆ, ಏಷ್ಯಕ್ಕೆ ಮಾರುತ್ತಾರೆ. ಗುಜರಾತಿನ ಕಾಂಡ್ಲಾದಲ್ಲಿ ಪರದೇಶದ ಹಳೆ ಬಟ್ಟೆಯನ್ನು ಬೇರ್ಪಡಿಸುವ ಕೇಂದ್ರಗಳಿವೆ. ಹರಿಯಾಣದ ಪಾಣಿಪತ್ತಿನಲ್ಲಿ ಹಳೆ ಉಣ್ಣೆಬಟ್ಟೆಯನ್ನು ಚಿಂದಿ ಮಾಡಿ, ಮತ್ತೆ ನೂಲಾಗಿಸಿ, ಕಂಬಳಿ ನೇಯುತ್ತಾರೆ. ನಾವು ಇಲ್ಲಿ ದೂಡಿದ ಕೋಟು ಕಂಬಳಿಯಾಗಿ ನಮ್ಮ ದೇಶಕ್ಕೇ ಹೋಗಿ ಬಿದ್ದರೂ ಆಶ್ಚರ್ಯವಿಲ್ಲ. ನಮಗಿಂತ ಮೊದಲೇ ಅದು ಊರು ಸೇರಿತು ಎನ್ನಿ!

ಐರೋಪ್ಯ ಒಕ್ಕೂಟದ ನಿಯಮದಂತೆ 2025ರ ಜನವರಿ 1ರಿಂದ ಬಟ್ಟೆಯನ್ನು ಪ್ರತ್ಯೇಕವಾಗಿ ಸಂಗ್ರಹಿಸಬೇಕು. ಇದನ್ನು ಓದಿದ ಕೆಲವರು ಹರಿದ ಬನಿಯನ್ನು, ಎಣ್ಣೆ ಮೆತ್ತಿದ ಚಿಂದಿಯನ್ನೂ ಡಬ್ಬಿಗೆ ಹಾಕತೊಡಗಿದರು. ಅದು ತಪ್ಪು. ಕೊಳೆಯಾದದ್ದು, ತೀರ ಹರಿದದ್ದು ಮನೆಯ ಮಾಮೂಲು ಕಸದ ತೊಟ್ಟಿಗೇ ಸಲ್ಲಬೇಕು. ಉಡಬಹುದಾದದ್ದು ಮಾತ್ರ ಡಬ್ಬಿಗೆ. ಕೊಳಕು ಹೆಚ್ಚಾಗಿ, ಹಳೆ ಬಟ್ಟೆಯ ಬೆಲೆಯೂ ಕುಸಿದು, ಹಲವು ಊರುಗಳಲ್ಲಿ ಡಬ್ಬಿಗಳನ್ನೇ ಎತ್ತಿಬಿಟ್ಟಿದ್ದಾರೆ.

ಆದರೆ ನಾನು ಹೇಳಹೊರಟದ್ದು ಡಬ್ಬಿಯ ವಿಚಾರವಲ್ಲ, ಸೂಟ್‌ಕೇಸಿನ ವಿಚಾರ.

ಶನಿವಾರ ಕಾರ್ಲ್ಸ್‌ಪ್ಲಾಟ್ಸಿನ ಹಳೆ ಸಾಮಾನಿನ ಸಂತೆಗೆ ಹೋದಾಗ ಹಳೆಯ ನಾರುಬಟ್ಟೆ ಕಂಡರೆ ನಿಂತು ನೋಡಿ. ಮೇಜುಹಾಸು, ದಿಂಬಿನ ಚೀಲ, ಕೈಒರೆಸು. ಮೂಲೆಯಲ್ಲಿ ಕೆಂಪು ನೂಲಿನಲ್ಲೋ ಬಿಳಿ ನೂಲಿನಲ್ಲೋ ಎರಡಕ್ಷರ ಕಸೂತಿ ಹಾಕಿರುತ್ತದೆ. ಒಂದು ಕಾಲದಲ್ಲಿ ಇಲ್ಲಿಯ ಹುಡುಗಿಯರು ಮದುವೆಗೆ ಮೊದಲು ವರ್ಷಗಟ್ಟಲೆ ಕೂತು ತಮ್ಮ ಹೆಸರಿನ ಅಕ್ಷರ ಹೊಲಿದು, ಗಂಡನ ಮನೆಗೆ ಒಯ್ಯುತ್ತಿದ್ದ ಬಟ್ಟೆ ಅದು. ಅಕ್ಷರ ಉಳಿದಿದೆ, ಅವಳು ಯಾರೆಂದು ಮಾರುವವನಿಗೂ ಗೊತ್ತಿಲ್ಲ. ಮಕ್ಕಳೋ ಮೊಮ್ಮಕ್ಕಳೋ ಮನೆ ಖಾಲಿ ಮಾಡುವವರಿಗೆ ಗುತ್ತಿಗೆ ಕೊಟ್ಟು ಕೈ ತೊಳೆದುಕೊಂಡಿರಬೇಕು. ನಮ್ಮ ಸೀರೆಗಳಿಗೆ ಆ ಎರಡಕ್ಷರವೂ ಇಲ್ಲ. ನಾಳೆ ನಮ್ಮ ಮಕ್ಕಳು ಕೆಲ್ಲರ್ ತೆರೆದಾಗ ಅವರಿಗೆ ಕಾಣುವುದು ಒಂದು ಕೆಂಪು ಬಟ್ಟೆ, ಒಂದು ಹಸಿರು ಬಟ್ಟೆ. ಅಜ್ಜಿಯದೋ, ಅಜ್ಜಿಯ ತಂಗಿಯದೋ, ಯಾರೋ ಬಾಗಿನಕ್ಕೆ ಕೊಟ್ಟದ್ದೋ, ಹೇಳುವವರು ಯಾರು?

ಜರ್ಮನರ ಇನ್ನೊಂದು ಪದ್ಧತಿ ನನಗೆ ಬಹಳ ಹಿಡಿಸಿದೆ. ಮಗುವಿಗೆ ದೀಕ್ಷಾಸ್ನಾನ ಮಾಡಿಸುವಾಗ ತೊಡಿಸುವ ಬಿಳಿಯ ಉದ್ದನಂಗಿಯನ್ನು ಕೆಲವು ಮನೆತನಗಳಲ್ಲಿ ತಲೆಮಾರುಗಳ ಕಾಲ ಕಾದಿಡುತ್ತಾರೆ. ಅದನ್ನು ತೊಟ್ಟ ಪ್ರತಿ ಮಗುವಿನ ಹೆಸರನ್ನೂ ತಾರೀಖನ್ನೂ ಅಂಗಿಯ ಮೇಲೇ ಹೊಲಿಯುತ್ತಾರೆ. ಇದನ್ನು ನಾವು ಸೀರೆಗೆ ಮಾಡಬಾರದೆಂದು ಯಾವ ಶಾಸ್ತ್ರದಲ್ಲಿದೆ? ರೇಷ್ಮೆಗೆ ಸೂಜಿ ಚುಚ್ಚುವುದು ಬೇಡ. ಸೀರೆಯ ಅಂಚಿನ ಕೆಳಗೆ ಫಾಲ್ ಹಚ್ಚಿರುತ್ತೇವಲ್ಲ, ಅದರ ಒಳಬದಿಗೆ ಎರಡು ಬೆರಳಗಲದ ಹತ್ತಿಪಟ್ಟಿ ಹೊಲಿದು, ತೊಳೆದರೆ ಹೋಗದ ಶಾಯಿಯಲ್ಲಿ ಬರೆಯಿರಿ: ಯಾರದು, ಯಾವ ಊರಿನಲ್ಲಿ ಕೊಂಡದ್ದು, ಯಾವ ಸಂದರ್ಭ, ಯಾವ ವರ್ಷ. ಮಕ್ಕಳಿಗೆ ಕನ್ನಡ ಓದಲು ಬಾರದಿದ್ದರೆ ಜರ್ಮನ್‌ನಲ್ಲೂ ಬರೆಯಿರಿ, ಹಟ ಬೇಡ.

ಬರೆಯಲು ಕೂತಾಗ ಒಂದು ಸಂಗತಿ ತಾನಾಗಿ ತೀರ್ಮಾನವಾಗುತ್ತದೆ. ಯಾವ ಬಟ್ಟೆಯ ಬಗ್ಗೆ ಬರೆಯಲು ಏನೂ ತೋಚುವುದಿಲ್ಲವೋ ಅದನ್ನು ಇಟ್ಟುಕೊಳ್ಳುವ ಅಗತ್ಯವೂ ಇಲ್ಲ. ಅಂಥದ್ದನ್ನು ಡಬ್ಬಿಗೆ ಹಾಕಲು ಕೈ ನಡುಗುವುದಿಲ್ಲ, ಪ್ರಯತ್ನಿಸಿ ನೋಡಿ.

ಉಳಿಸಿಕೊಂಡದ್ದನ್ನು ಕೆಲ್ಲರಿನಲ್ಲಿ ಮಾತ್ರ ಇಡಬೇಡಿ. ಹಳೆಯ ಕಟ್ಟಡಗಳ ಕೆಲ್ಲರು ತೇವ ಹಿಡಿಯುತ್ತದೆ, ಬೂಷ್ಟು ಬರುತ್ತದೆ. ಇನ್ನು ನುಸಿಯ ಕಾಟ. ಇಲ್ಲಿಯವರು ಆ ಚಿಟ್ಟೆಗೆ "ಮೊಟ್ಟೆ" ಎನ್ನುತ್ತಾರೆ. ಬಟ್ಟೆ ತಿನ್ನುವುದು ಮಾತ್ರ ಹಾರುವ ಚಿಟ್ಟೆಯಲ್ಲ, ನಮ್ಮ ಕನ್ನಡದ ಮೊಟ್ಟೆಯಿಂದ ಹೊರಬರುವ ಹುಳು! ಅದಕ್ಕೆ ಉಣ್ಣೆ, ರೇಷ್ಮೆ ಎಂದರೆ ಪ್ರಾಣ. ಲ್ಯಾವೆಂಡರ್ ಚೀಲ, ದೇವದಾರು ತುಂಡು ಇವು ಚಿಟ್ಟೆಯನ್ನು ದೂರವಿಟ್ಟಾವು, ಹುಳುವನ್ನು ಕೊಲ್ಲಲಾರವು. ಅನುಮಾನ ಬಂದ ಬಟ್ಟೆಯನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ, ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಹುಳುವೂ ಮೊಟ್ಟೆಯೂ ಸಾಯುತ್ತವೆ. ಹಲಸಿನ ಹಪ್ಪಳದ ಪಕ್ಕ ಅತ್ತೆಯವರ ಸೀರೆ ಕಂಡು ಗಂಡಸರು ಗಾಬರಿಯಾದರೆ ಆಗಲಿ. ಆಮೇಲೆ ಸೀರೆಯನ್ನು ಹಳೆ ಪಂಚೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ಕಿನಲ್ಲಿ ಅಲ್ಲ. ನುಸಿಗುಳಿಗೆ ಜರಿಗೆ ತಾಗಿದರೆ ಜರಿ ಕಪ್ಪಾಗುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸದಿದ್ದರೆ ಅದೇ ಗೆರೆಯಲ್ಲಿ ಸೀಳುತ್ತದೆ. ಮೈಸೂರು ರೇಷ್ಮೆಗಂತೂ, 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಹುಟ್ಟಿದ ಆ ಕಾರ್ಖಾನೆಯ ಸೀರೆಗಂತೂ, ಇಷ್ಟು ಮರ್ಯಾದೆ ಸಲ್ಲಲೇಬೇಕು.

ಇಳಕಲ್ ಸೀರೆಯ ವಿಷಯ ಸ್ವಲ್ಪ ಬೇರೆ. ಅದರ ಮೈಯ ಹಾಸುನೂಲು ಬೇರೆ, ಸೆರಗಿನ ಹಾಸುನೂಲು ಬೇರೆ. ಎರಡನ್ನೂ ಮಗ್ಗದ ಮೇಲೆ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ, ತೋಪತೆನಿ ಎಂದರೆ ಅದೇ. ಹತ್ತಿಯ ಮೈ ಸವೆದು ಜಾಳಾದ ಮೇಲೂ ರೇಷ್ಮೆಯ ಕೆಂಪು ಸೆರಗು ಗಟ್ಟಿಯಾಗಿ ಉಳಿದಿರುವುದುಂಟು. ಸೆರಗನ್ನು ಬಿಡಿಸಿ ಮಗಳಿಗೆ ಹೆಗಲ ಮೇಲಿನ ಶಾಲು ಮಾಡಿಕೊಡಬಹುದು. ಉಳಿದ ಮೈ ಕೌದಿಗೆ.

ಕೌದಿಯ ಮಾತಿಗೆ ಬಂದೆವು. ಧಾರವಾಡ, ಗದಗ, ವಿಜಯಪುರದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಲೆಮಾರಿ ಸಮುದಾಯದ ಹೆಂಗಸರು ಮನೆಮುಂದೆ ಬಂದು, ನಾವು ಕೊಟ್ಟ ಹಳೆ ಸೀರೆಗಳನ್ನೇ ಹಾಸಿ, ಕಟ್ಟೆಯ ಮೇಲೆ ಕೂತು ಹೊಲಿದು ಕೊಡುತ್ತಿದ್ದರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಹೊಲಿಯುವ ಕವಂದಿಗಂತೂ ಈಗ ದೇಶವಿದೇಶದಲ್ಲಿ ಹೆಸರು. ಅವರು ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಒಳಕ್ಕೆ ಹೊಲಿಯುತ್ತ ನಡುವಿನಲ್ಲಿ ಮುಗಿಸುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂವು ಇಡದಿದ್ದರೆ ಅವರ ಕಣ್ಣಿಗೆ ಕವಂದಿ ಪೂರ್ತಿಯಾದಂತಲ್ಲ.

ಲೆಕ್ಕ ಸುಲಭ. ಐದೂವರೆ ಮೀಟರಿನ ಒಂದು ಹತ್ತಿ ಸೀರೆಯನ್ನು 1.10 ಮೀಟರಿನಂತೆ ಮಡಿಸುತ್ತ ಹೋದರೆ ಸರಿಯಾಗಿ ಐದು ಪದರ, ಹೆಚ್ಚುಕಡಿಮೆ ಚೌಕ. ಒಂದು ಕೂಸಿನ ಕೌದಿಗೆ ಅಷ್ಟು ಸಾಕು. ಅಜ್ಜಿಯ ಒಂದು ಸೀರೆಗೆ ಮರಿಮೊಮ್ಮಗುವಿನ ಒಂದು ಕೌದಿ. ರೇಷ್ಮೆ, ಜರಿ, ನೈಲಾನ್ ಬೆರೆಸಬೇಡಿ, ಮಗುವಿನ ಮೈಗೆ ಚುಚ್ಚುತ್ತದೆ, ಮಷೀನಿಗೂ ಹಾಕಲಾಗದು. ದಪ್ಪ ಹತ್ತಿ ನೂಲು, ಉದ್ದದ ಸೂಜಿ, ಬೆರಳಗಲಕ್ಕೊಂದು ಸಾಲು. ಮೊದಲು ದೊಡ್ಡ ದೊಡ್ಡ ಹೊಲಿಗೆಯಿಂದ ಪದರಗಳನ್ನು ಕಚ್ಚಿಸಿಕೊಳ್ಳದಿದ್ದರೆ ಒಳಗೆ ಸುಕ್ಕುಗಟ್ಟುತ್ತದೆ.

ನಮ್ಮ ಸಂಘದಲ್ಲಿ ಕೌದಿ ಹೊಲಿದು ಗೊತ್ತಿರುವ ಹಿರಿಯರು ಮೂರು ನಾಲ್ಕು ಮಂದಿಯಾದರೂ ಇದ್ದಾರೆ. ಅವರ ಕಣ್ಣು, ಕೈ ಚೆನ್ನಾಗಿರುವಾಗಲೇ ಕೂತು ಕಲಿಯೋಣ ಎಂಬುದು ಕೆಲವರ ಆಸೆ. ಮುಂದಿನ ಕೂಟಕ್ಕೆ ಬರುವಾಗ ಒಗೆದು ಒಣಗಿಸಿದ ಒಂದು ಹತ್ತಿ ಸೀರೆ ತನ್ನಿ. ಸೂಜಿ, ನೂಲು ನಾವು ತರುತ್ತೇವೆ. ಮಕ್ಕಳನ್ನೂ ಕರೆತನ್ನಿ, ಸೂಜಿಗೆ ನೂಲು ಪೋಣಿಸಲು ನಮಗೆ ಅವರ ಕಣ್ಣು ಬೇಕು. ಅವರು ಪೋಣಿಸುತ್ತಿರುವಾಗ ಆ ಸೀರೆ ಯಾರದೆಂದು ಹೇಳುತ್ತ ಕೂರಬಹುದು.