ನಿಮಗಿದು ಗೊತ್ತೆ? ಅರಮನೆಯ ಗೋಡೆಗೆಂದು ಬರೆದ ಸುಗ್ಗಿಯ ಕಣ

ಸ್ಪೇನಿನ ಮಹಾನ್ ಚಿತ್ರಕಾರ ಫ್ರಾನ್ಸಿಸ್ಕೊ ಗೋಯಾ 1786-87ರಲ್ಲಿ ಗೋಧಿ ಒಕ್ಕುವ ಕಣವೊಂದನ್ನು ಚಿತ್ರಿಸಿದ. ಹೆಸರು ‘ಬೇಸಿಗೆ’, ‘ಕಣ’ ಎಂದೂ ಕರೆಯುತ್ತಾರೆ. ಯುವರಾಜನಿದ್ದ ಎಲ್ ಪಾರ್ದೊ ಅರಮನೆಯ ಗೋಡೆಗೆ ನೇಯಬೇಕಿದ್ದ ಚಿತ್ರಪರದೆಗೆ ಇದು ಮಾದರಿ. ಗೋಯಾ ಬರೆದ ಇಂಥ ಮಾದರಿಗಳಲ್ಲೆಲ್ಲ ಇದೇ ದೊಡ್ಡದು, ಅಗಲವೇ ಸುಮಾರು 6.4 ಮೀಟರ್!

ಚಿತ್ರದ ಸೊಗಸಿರುವುದು ದುಡಿಮೆಗಿಂತ ದಣಿವಾರಿಸಿಕೊಳ್ಳುವ ಹೊತ್ತಿನಲ್ಲಿ. ಕುದುರೆಗಳು ಸುಮ್ಮನೆ ನಿಂತಿವೆ. ಸಿವುಡುಗಳ ರಾಶಿಗೆ ಒರಗಿ ಕೂಲಿಯಾಳುಗಳು ಕೂತಿದ್ದಾರೆ, ಮಕ್ಕಳು ಅದರ ಮೇಲೆ ಹತ್ತಿ ಆಡುತ್ತಿದ್ದಾರೆ. ಊರಿನ ಪೆದ್ದನೊಬ್ಬನಿಗೆ ಗೆಳೆಯರು ನಗುನಗುತ್ತ ವೈನ್ ಕುಡಿಸುತ್ತಿದ್ದಾರೆ. ಬೆವರು ಹರಿಸುವವರ ಬಿಡುವಿಗೆ ಇಷ್ಟು ದೊಡ್ಡ ಜಾಗ ಕೊಟ್ಟದ್ದು ಗೋಯಾನ ದೊಡ್ಡತನ. 1788ರಲ್ಲಿ ದೊರೆ ಮೂರನೇ ಕಾರ್ಲೋಸ್ ತೀರಿಕೊಂಡ. ಹಾಗಾಗಿ ಪರದೆ ಆ ಅರಮನೆಯ ಗೋಡೆ ಏರಲೇ ಇಲ್ಲ. ಚಿತ್ರವೀಗ ಮ್ಯಾಡ್ರಿಡ್‌ನ ಪ್ರಾದೊ ಮ್ಯೂಸಿಯಂನಲ್ಲಿದೆ.