ಬೆಳವಣಿಗೆ ಹಾರ್ಮೋನ್ ಮದ್ದು, ಆಯುಸ್ಸಿನ ಮಾತ್ರೆ: ಎರಡೂ ಒಂದೇ ಅಲ್ಲ

ಜಿಮ್‌ಗೆ ಹೋಗುವ ಯುವಕರ ನಡುವೆ ಎರಡು ಬಗೆಯ ಮದ್ದುಗಳ ಮಾತು ಕೇಳಿಬರುತ್ತದೆ. ಒಂದು, ಬೆಳವಣಿಗೆ ಹಾರ್ಮೋನ್ ಹೆಚ್ಚಿಸುವಂಥದ್ದು. ಇನ್ನೊಂದು, ಮುಪ್ಪನ್ನು ಮುಂದೂಡುತ್ತದೆ ಎನ್ನುವಂಥದ್ದು. ಎರಡಕ್ಕೂ 'ಯೌವನ' ಎಂಬ ಹೆಸರೇ ಅಂಟಿಕೊಂಡಿದೆ. ಆದರೆ ದೇಹದೊಳಗೆ ಇವುಗಳ ದಾರಿ ಬೇರೆ ಬೇರೆ.

ಎಂಕೆ-677, ಸರ್ಮೊರೆಲಿನ್, ಇಪಾಮೊರೆಲಿನ್ ಮೊದಲ ಗುಂಪಿನವು. ಇವು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಹೆಚ್ಚು ಹಾರ್ಮೋನ್ ಹೊರಡಿಸುತ್ತವೆ. ಅದರಿಂದ ರಕ್ತದಲ್ಲಿ ಐಜಿಎಫ್-1 ಏರುತ್ತದೆ. ಜೀವಕೋಶಗಳಿಗೆ ಅದು 'ಬೆಳೆ' ಎಂಬ ಸಂದೇಶ.

ಬೆಳೆದರೆ ಶಕ್ತಿ ಬರುತ್ತಾ? 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 60 ದಾಟಿದ 65 ಆರೋಗ್ಯವಂತರು ಪಾಲ್ಗೊಂಡಿದ್ದರು. ಎಂಕೆ-677 ಸೇವಿಸಿದವರಲ್ಲಿ ಒಂದು ವರ್ಷಕ್ಕೆ ಕೊಬ್ಬಿಲ್ಲದ ದೇಹತೂಕ ಸರಾಸರಿ 1.1 ಕಿಲೋ ಹೆಚ್ಚಿತು. ಸ್ನಾಯುಬಲ ಮಾತ್ರ ಹೆಚ್ಚಲಿಲ್ಲ. ಬದಲಿಗೆ ಖಾಲಿ ಹೊಟ್ಟೆಯ ಶುಗರ್ ಸರಾಸರಿ 5 ಮಿಲಿಗ್ರಾಂ ಏರಿತು. ಸೊಂಟದ ಮೂಳೆ ಮುರಿದ ವೃದ್ಧರ ಮೇಲಿನ ಇನ್ನೊಂದು ಪ್ರಯೋಗವನ್ನು ಹೃದಯ ವೈಫಲ್ಯದ ಆತಂಕದಿಂದ ಅರ್ಧಕ್ಕೇ ನಿಲ್ಲಿಸಲಾಯಿತು.

ರಾಪಮೈಸಿನ್ ಇದಕ್ಕೆ ತದ್ವಿರುದ್ಧ. ಈಸ್ಟರ್ ದ್ವೀಪದಿಂದ ತಂದ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕಿದ ಈ ಮದ್ದನ್ನು ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಕೊಡುತ್ತಾರೆ. 'ಬೆಳೆ' ಎಂಬ ಸಂದೇಶವನ್ನು ಕೋಶದೊಳಗೆ ಜಾರಿಮಾಡುವ ಎಂಟಾರ್ ಎಂಬ ಪ್ರೋಟೀನನ್ನು ಇದು ತಡೆಯುತ್ತದೆ. ಮುದಿ ಇಲಿಗಳಿಗೆ ಕೊಟ್ಟಾಗಲೂ ಅವು ಹೆಚ್ಚು ಕಾಲ ಬದುಕಿದವು ಎಂದು 2009ರಲ್ಲಿ ವರದಿಯಾಯಿತು. ಆದರೆ ಮನುಷ್ಯರ ಆಯುಸ್ಸು ಹೆಚ್ಚುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಬಾಯಿಹುಣ್ಣು, ಕೊಲೆಸ್ಟ್ರಾಲ್ ಏರಿಕೆ, ಸೋಂಕಿನ ಭಯವೂ ಇದೆ.

ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಕೂಡ ಆಯುಸ್ಸಿನ ಪಟ್ಟಿಯಲ್ಲಿದೆ. ಆದರೆ ಭಾರ ಎತ್ತುವ ವ್ಯಾಯಾಮ ಮಾಡಿದ ಹಿರಿಯರಲ್ಲಿ ಅದು ಸ್ನಾಯು ಬೆಳವಣಿಗೆಯನ್ನೇ ತಗ್ಗಿಸಿತು ಎಂದು 2019ರ ಅಧ್ಯಯನ ಹೇಳಿತು.

ಇಕ್ವೆಡಾರ್‌ನಲ್ಲಿ ಹುಟ್ಟಿನಿಂದಲೇ ಬೆಳವಣಿಗೆ ಹಾರ್ಮೋನಿಗೆ ದೇಹ ಸ್ಪಂದಿಸದ ಕುಳ್ಳಗಿನ ಜನರಿದ್ದಾರೆ. ಅವರಲ್ಲಿ ಕ್ಯಾನ್ಸರ್ ತೀರಾ ಅಪರೂಪ, ಮಧುಮೇಹ ಕಾಣಲಿಲ್ಲ ಎಂದು 2011ರ ಅಧ್ಯಯನ ತಿಳಿಸಿತು. ಹಾಗಂತ ಅವರು ಬೇರೆಯವರಿಗಿಂತ ಹೆಚ್ಚು ವರ್ಷ ಬದುಕುತ್ತಾರೆ ಎಂದೇನಲ್ಲ. ಆದರೂ ಹಾರ್ಮೋನ್ ಹೆಚ್ಚಿದಷ್ಟೂ ಆಯುಸ್ಸು ಹೆಚ್ಚು ಎಂಬ ಮಾತು ನಿಲ್ಲುವುದಿಲ್ಲ. ಎರಡೂ ಮದ್ದು ಒಟ್ಟಿಗೆ ನುಂಗಿದರೆ ಒಂದು 'ಬೆಳೆ' ಅನ್ನುತ್ತೆ, ಇನ್ನೊಂದು 'ನಿಲ್ಲು' ಅನ್ನುತ್ತೆ.

ಕ್ರೀಡಾಪಟುಗಳು ಇನ್ನಷ್ಟು ಎಚ್ಚರವಾಗಿರಬೇಕು: ಮೊದಲ ಗುಂಪಿನ ಮದ್ದುಗಳು ವಿಶ್ವ ಉದ್ದೀಪನ ಮದ್ದು ತಡೆ ಘಟಕದ ನಿಷೇಧಿತ ಪಟ್ಟಿಯಲ್ಲಿವೆ. ಮನೆಯಲ್ಲಿ ಶುಗರ್ ಇರುವವರಿದ್ದರೆ ಅಪಾಯ ದುಪ್ಪಟ್ಟು ಯೋಚಿಸಬೇಕಾದದ್ದು. ಜಿಮ್‌ನ ಗೆಳೆಯ ಕೊಟ್ಟ ಡಬ್ಬಿ ತೆರೆಯುವ ಮೊದಲು ವೈದ್ಯರನ್ನು ಕೇಳಿ, ಒಮ್ಮೆ ಶುಗರ್ ಪರೀಕ್ಷೆ ಮಾಡಿಸಿ.